ಸರಪಳಿಯಲ್ಲಿ ಬಿಟ್ಟ ಜಾಗ

ಜನವರಿ ಇಪ್ಪತ್ತೊಂದು. ಬೆಳಿಗ್ಗೆ ಮಂಜಿತ್ತು, ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಬಂತು.

ಮಠದಲ್ಲಿ ಓದು ಮುಗಿಸಿದ ಇಂದುಧರ ಮರುದಿನ ಊರಿಗೆ ಹೊರಡುವವನಿದ್ದ. ಗುರುಗಳ ಮುಂದೆ ಕೂತು ಕೇಳಿದ.

"ಬುದ್ಧಿ, ನಮಗೆ ಇಷ್ಟವಿಲ್ಲದವನು ಮಾಡಿದ ಉಪಕಾರವನ್ನು ಹೇಗೆ ತೀರಿಸಬೇಕು?"

"ಯಾರು ಮಾಡಿದ್ದು?"

"ನನ್ನ ತರಗತಿಯ ಪರ್ವತಯ್ಯ. ಕಣ್ಣಿನ ಆಪರೇಷನ್ ಆಗಿ ಎರಡು ತಿಂಗಳು ನಾನು ಪುಸ್ತಕ ಮುಟ್ಟುವಂತಿರಲಿಲ್ಲ. ಅಷ್ಟು ದಿನವೂ ಅವನೇ ಬಂದು ನನಗೆ ಪಾಠ ಓದಿ ಹೇಳಿದ. ಓದಿ ಮುಗಿಸಿ ಎದ್ದು ಹೋಗುತ್ತಿದ್ದ, ಬೇರೆ ಒಂದು ಮಾತಿಲ್ಲ. ನಾವಿಬ್ಬರೂ ಜಗಳವಾಡಿ ಮಾತು ಬಿಟ್ಟು ವರ್ಷವಾಯಿತು. ಪರೀಕ್ಷೆಯಲ್ಲಿ ನಾನು ಮೊದಲಿಗನಾದೆ. ಅವನ ಮುಂದೆ ಹೋಗಿ ನಿಲ್ಲಲು ಮನಸ್ಸು ಒಪ್ಪುತ್ತಿಲ್ಲ. ನಿಲ್ಲದೆ ಹೊರಡಲೂ ಆಗುತ್ತಿಲ್ಲ."

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಕಬಡ್ಡಿ ತಂಡದಲ್ಲಿ ಒಬ್ಬ ದಾಳಿಗಾರನಿದ್ದ. ಎದುರಾಳಿಗಳ ಅಂಗಳಕ್ಕೆ ನುಗ್ಗಿ, ಮುಟ್ಟಿ, ಉಸಿರು ಬಿಡದೆ ಮರಳಿ ಬರುವುದರಲ್ಲಿ ಅವನಿಗೆ ಸಮನಿರಲಿಲ್ಲ. ಜನ ಅವನನ್ನು ನೋಡಲೆಂದೇ ಬರುತ್ತಿದ್ದರು. ಅದೇ ತಂಡದ ಎಡಮೂಲೆಯಲ್ಲಿ ಇನ್ನೊಬ್ಬನಿದ್ದ. ಒಳಗೆ ಬಂದವನ ಪಾದ ಹಿಡಿದು ಕೆಡಹುವುದು ಅವನ ಕೆಲಸ. ಅವನನ್ನು ನೋಡಲು ಯಾರೂ ಬರುತ್ತಿರಲಿಲ್ಲ.

ಒಂದು ವರ್ಷ ಅವರು ಫೈನಲ್‌ನಲ್ಲಿ ಸೋತರು. ಎಲ್ಲರ ಎದುರಿಗೇ ಮೂಲೆಯವನು ಹೇಳಿದ, "ಫೋಟೋದವರು ಯಾವ ಕಡೆ ನಿಂತಿದ್ದಾರೆ ಅಂತ ನೋಡೋದೇ ಆಯ್ತು ನಿನಗೆ. ಜೊತೆಯಲ್ಲಿ ಆಡೋರನ್ನ ಯಾವಾಗ ನೋಡ್ತೀಯಪ್ಪ?"

ದಾಳಿಗಾರ ಹೇಳಿದ, "ಕಾಲು ಹಿಡಿಯೋರು ಊರಿಗೆ ಹತ್ತು ಜನ ಸಿಗ್ತಾರೆ. ಹೋಗು."

ಎದುರಾಳಿ ಒಳಗೆ ಬಂದಾಗ ತಂಡದವರು ಕೈಗೆ ಕೈ ಬೆಸೆದು ಸರಪಳಿ ಕಟ್ಟಿ ನಿಲ್ಲಬೇಕು. ಅದು ಆಟದ ಪದ್ಧತಿ. ಆ ಸರಪಳಿಯಲ್ಲಿ ಇವರಿಬ್ಬರದು ಅಕ್ಕಪಕ್ಕದ ಜಾಗ. ಅಂದಿನಿಂದ ದಾಳಿಗಾರ ಅವನ ಕೈ ಮುಟ್ಟಲಿಲ್ಲ. ತರಬೇತುದಾರ ಇಬ್ಬರ ಕೈಗೂ ಒಂದೊಂದು ತುದಿ ಕೊಟ್ಟು ಟವೆಲ್ ಹಿಡಿಸಿ ಅಭ್ಯಾಸ ಮಾಡಿಸಿದ. ಆದರೆ ಪಂದ್ಯಕ್ಕೆ ಟವೆಲ್ ಒಯ್ಯುವಂತಿಲ್ಲವಲ್ಲ. ಸರಪಳಿಯಲ್ಲಿ ಒಂದು ಮೊಳ ಜಾಗ ಖಾಲಿ ಉಳಿಯಿತು. ದಾಳಿಗಾರ ಗೆಲ್ಲಿಸಿಕೊಡುತ್ತಿದ್ದ ಕಾರಣ ಯಾರೂ ಗಟ್ಟಿಯಾಗಿ ಏನೂ ಹೇಳಲಿಲ್ಲ.

ಮರುವರ್ಷ ಮತ್ತೆ ಫೈನಲ್ ತಲುಪಿದರು. ಎದುರಾಳಿಗಳು ಆ ಖಾಲಿ ಜಾಗವನ್ನು ನೋಡಿಟ್ಟುಕೊಂಡಿದ್ದರು. ಅವರಲ್ಲೊಬ್ಬ ಅಲ್ಲೇ ನುಗ್ಗಿ ದಾಳಿಗಾರನನ್ನು ಮುಟ್ಟಿ ಹೋದ. ದಾಳಿಗಾರ ಔಟಾಗಿ ಹೊರಗೆ ಕೂತ. ಅವನ ಹಿಂದೆಯೇ ಇನ್ನಿಬ್ಬರು ಔಟಾದರು.

ಎದುರಾಳಿಯೊಬ್ಬನನ್ನು ಔಟು ಮಾಡಿದರೆ ನಮ್ಮವನೊಬ್ಬ ಎದ್ದು ಒಳಗೆ ಬರಬಹುದು. ಮೊದಲು ಔಟಾದವನು ಮೊದಲು ಏಳುತ್ತಾನೆ. ಏಳಬೇಕಾದವನು ದಾಳಿಗಾರ. ಅವನನ್ನು ಎಬ್ಬಿಸಬೇಕಾದವರು ಒಳಗೆ ಉಳಿದ ನಾಲ್ವರು. ಹೊರಗೆ ಕೂತವನು ಏನು ಮಾಡಿಯೂ ತನ್ನನ್ನು ತಾನು ಎಬ್ಬಿಸಿಕೊಳ್ಳಲಾರ.

ಆಟ ಮುಗಿಯಲು ಒಂದೇ ನಿಮಿಷವಿತ್ತು. ತಂಡ ಎರಡು ಅಂಕ ಹಿಂದಿತ್ತು. ಎದುರಾಳಿ ಒಳಗೆ ಬಂದ. ಅವನು ಯಾರನ್ನೂ ಮುಟ್ಟಬೇಕಾಗಿರಲಿಲ್ಲ. ಹೊತ್ತು ಕಳೆದು ಮರಳಿದರೆ ಗೆಲುವು ಅವರದೇ. ಅವನು ತಿರುಗಿದ ಕ್ಷಣ ಮೂಲೆಯವನು ನೆಲಕ್ಕೆ ಬಿದ್ದು ಅವನ ಪಾದ ಹಿಡಿದ. ಬಲಗೈಯ ಎರಡು ಬೆರಳು ಹಿಂದಕ್ಕೆ ಮುರಿದವು. ಅವನು ಬಿಡಲಿಲ್ಲ. ಎದುರಾಳಿಯ ಉಸಿರು ಮುಗಿಯುವವರೆಗೂ ಬಿಡಲಿಲ್ಲ.

ದಾಳಿಗಾರ ಎದ್ದ. ಕೊನೆಯ ದಾಳಿಗೆ ಹೋದ. ಇಬ್ಬರನ್ನು ಮುಟ್ಟಿದ, ಆ ಇಬ್ಬರೂ ಮೇಲೆ ಬಿದ್ದರೂ ತೆವಳಿಕೊಂಡು ಬಂದು ನಡುಗೆರೆ ಮುಟ್ಟಿದ. ಒಂದು ಅಂಕದಿಂದ ಗೆದ್ದರು. ಅಂಥ ಆಟವನ್ನು ತಾವು ಕಂಡಿಲ್ಲವೆಂದು ಜನ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡರು.

ಹೆಗಲ ಮೇಲಿಂದ ಅವನಿಗೆ ಎಲ್ಲವೂ ಕಾಣುತ್ತಿತ್ತು. ಮೈದಾನದ ಅಂಚಿನಲ್ಲಿ ಮೂಲೆಯವನು ಬಲಗೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಆ ಬಟ್ಟೆ ಅದೇ ಟವೆಲ್. ದಾಳಿಗಾರ "ಇಳಿಸಿ, ಇಳಿಸಿ" ಎಂದ. ಜನ ಇಳಿಸಲಿಲ್ಲ. ಅವನೇ ಜಾರಿ ಇಳಿದು ಹೋದ.

"ನನ್ನ ಮೇಲೆ ನಿನಗೆ ಸಿಟ್ಟಿತ್ತಲ್ಲ. ಮತ್ತೆ ಯಾಕೆ ಎಬ್ಬಿಸಿದೆ?"

"ಸಿಟ್ಟು ಈಗಲೂ ಇದೆ, ಅದೆಲ್ಲಿ ಹೋಗುತ್ತೆ? ಆದರೆ ನನಗೆ ಹಿಡಿಯೋದಕ್ಕೆ ಬರುತ್ತೆ, ನಿನ್ನ ಹಾಗೆ ಹೋಗಿ ಬರೋದಕ್ಕೆ ಬರಲ್ಲ" ಎಂದ ಮೂಲೆಯವನು. "ಹೋಗಪ್ಪ, ಫೋಟೋದವರು ಕಾಯ್ತಿದ್ದಾರೆ."

ದಾಳಿಗಾರ ಹೋಗಲಿಲ್ಲ. ಅವನ ಪಕ್ಕದಲ್ಲಿ ಕೂತ. ಕೊರಳ ಹಾರವನ್ನು ಅವನಿಗೆ ಹಾಕಲು ಹೋದ, ಅವನು ಬೇಡವೆಂದ. ಬಹುಮಾನದ ಉಂಗುರವನ್ನು ಮುಂದೆ ಹಿಡಿದ. "ಯಾವ ಬೆರಳಿಗೆ ಹಾಕ್ತೀಯ?" ಎಂದು ಅವನು ನಕ್ಕ. ದಾಳಿಗಾರನಿಗೆ ಅಳು ಬಂತು.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಇಂದುಧರ ಕೇಳಿದ, "ಹಾರವೂ ಬೇಡ, ಉಂಗುರವೂ ಬೇಡ ಅಂದರೆ ಅವನು ಕೊನೆಗೆ ಕೊಟ್ಟದ್ದೇನು, ಬುದ್ಧಿ?"

ಗುರುಗಳು ಹೇಳಿದರು, "ಮೂಲೆಯವನ ಆ ಎರಡು ಬೆರಳು ಮತ್ತೆ ಮಡಚಿಕೊಳ್ಳಲಿಲ್ಲ, ಆ ಕೈಯಿಂದ ಬೆಸೆದು ಹಿಡಿಯಲು ಅವನಿಗೆ ಆಗುತ್ತಿರಲಿಲ್ಲ. ಅವರು ಜೊತೆಯಾಗಿ ಆಡಿದ ಉಳಿದ ಮೂರು ವರ್ಷವೂ ಸರಪಳಿಯ ಆ ಜಾಗದಲ್ಲಿ ಇಬ್ಬರ ಹಿಡಿತವನ್ನೂ ದಾಳಿಗಾರನೊಬ್ಬನೇ ಹಿಡಿದ."