ಟ್ಯಾಂಕು ಬಚ್ಚಿಟ್ಟ ತೂತು

ರುದ್ರಮುನಿ ಮನೆಯ ಶೆಡ್ಡಿನಲ್ಲಿ ಮೂರು ಹಳೇ ಗಾಡಿಗಳ ಭಾಗಗಳನ್ನು ಕೂಡಿಸಿ ಒಂದು ಬೈಕು ಕಟ್ಟಿದ. ಪೆಟ್ರೋಲು ಸುರಿದದ್ದೇ ತಡ, ಟ್ಯಾಂಕಿಗೆ ಜೀವ ಬಾಯಿಗೆ ಬಂದಂತಾಯಿತು. ಬಣ್ಣದಡಿ ಬಚ್ಚಿಟ್ಟಿದ್ದ ತೂತು ಜಿನುಗತೊಡಗಿತ್ತು. ಹೇಳಿದರೆ ತಾನು ಗುಜರಿಯ ಪಾಲು. ಹೇಳದಿದ್ದರೆ ಒಂದೇ ಕಿಡಿಗೆ ಎಲ್ಲರೂ ಭಸ್ಮ.

"ಅಣ್ಣಾ, ಹೊತ್ತಿಕೊಳ್ಳಬೇಡ! ನಾನು ಸೋರುತ್ತಿದ್ದೇನೆ," ಎಂದು ಕೆಳಗಿದ್ದ ಎಂಜಿನ್ನಿಗೆ ಹೇಳಿಯೇಬಿಟ್ಟಿತು.

ಎಂಜಿನ್ನು ಉಸಿರು ಬಿಗಿಹಿಡಿಯಿತು. ಎಂಟು ಸಲ ಕಿಕ್ ಹೊಡೆದು ಸೋತ ರುದ್ರಮುನಿ ಬಗ್ಗಿ ನೋಡಿದ. ತೂತು ಕಂಡಿತು. ಬಚ್ಚಲಿನಿಂದ ಸೋಪು ತಂದು ತೂತಿನ ಮೇಲೆ ಗಸಗಸ ತಿಕ್ಕಿದ, ಸೋಪು ಮೆತ್ತಿಕೊಂಡು ಸೋರುವುದು ನಿಂತಿತು.

"ನನ್ನನ್ನು ಬಿಚ್ಚಿ ಎಸೆಯಲಿಲ್ಲ!" ಟ್ಯಾಂಕು ನಿರಾಳವಾಗಿ ಉಸಿರುಬಿಟ್ಟಿತು.

ಮುಂದಿನ ಕಿಕ್ಕಿಗೇ ಎಂಜಿನ್ನು ಗುಡುಗಿತು: "ಏಕೆ ಎಸೆಯುತ್ತಾನೆ? ನೆಟ್ಟಗಿದ್ದಿದ್ದರೆ ನಮ್ಮಲ್ಲಿ ಯಾರು ಈ ಶೆಡ್ಡಿಗೆ ಬರುತ್ತಿದ್ದರು?"