ಹೊಳೆಯಾಚೆಯ ಪೈಲ್ವಾನ

ಬೆಳವಟ್ಟದ ದೊರೆ ಚಿಕ್ಕರಾಯನಿಗೆ ತನ್ನ ಗರಡಿಯ ಬಗ್ಗೆ ಬಹಳ ಹೆಮ್ಮೆ. "ನನ್ನ ಗರಡಿಯಲ್ಲಿ ಈ ಊರಿನ ನೀರು ಕುಡಿದು ಬೆಳೆದವನು ಒಬ್ಬನೂ ಇಲ್ಲ" ಎಂದು ಬಂದ ಅತಿಥಿಗಳಿಗೆಲ್ಲ ಹೇಳಿಕೊಳ್ಳುತ್ತಿದ್ದ. ಉತ್ತರದೇಶದಿಂದ, ಕರಾವಳಿಯಿಂದ, ಹೆಸರೇ ತಿಳಿಯದ ಸೀಮೆಗಳಿಂದ ಪೈಲ್ವಾನರನ್ನು ತರಿಸುತ್ತಿದ್ದ. ಅವರಿಗೆ ವೀಳ್ಯ ಕಳಿಸುವುದು, ಪಲ್ಲಕ್ಕಿ ಕಳಿಸುವುದು, ಬಂದಮೇಲೆ ಬಾದಾಮಿ ಹಾಲು ಕುಡಿಸುವುದು ಅರಮನೆಯ ಪದ್ಧತಿ. ಊರಿನ ಹುಡುಗರು ಬಂದರೆ ಹಿತ್ತಲ ಬಾಗಿಲಲ್ಲಿ ನಿಲ್ಲಬೇಕು.

ಪ್ರತಿ ನವಮಿಗೂ ನೆರೆಯ ಕಿರುಗೋಡಿನ ಗರಡಿಯೊಂದಿಗೆ ಕುಸ್ತಿ. ಪ್ರತಿ ನವಮಿಗೂ ಬೆಳವಟ್ಟಕ್ಕೆ ಸೋಲು. ಗೆದ್ದ ಪೈಲ್ವಾನರನ್ನು ಕಂಡು ಊರಿನ ಹೆಂಗಸರು, "ಅಯ್ಯೋ, ನಮ್ಮ ಪುಟ್ಟಮ್ಮನ ಮಗ ಅಲ್ಲವೇ?" ಎನ್ನುತ್ತಿದ್ದರು. ಹಿತ್ತಲ ಬಾಗಿಲಿನಿಂದ ವಾಪಸು ಹೋದವರನ್ನೆಲ್ಲ ಕಿರುಗೋಡಿನವರು ವೀಳ್ಯ ಕೊಟ್ಟು ಕರೆದೊಯ್ಯುತ್ತಿದ್ದರು.

ಈ ವರ್ಷ ಅವರ ಕಣ್ಣು ಕುಂಬಾರಗೇರಿಯ ಕರಿಯಣ್ಣನ ಮೇಲೆ ಬಿತ್ತು. ಸುದ್ದಿ ತಿಳಿದ ದೊರೆ ಆಸ್ಥಾನದ ಓಬಳಯ್ಯನನ್ನು ಕರೆಸಿದ. ಬಿಡಿಸಲಾಗದ ಗಂಟುಗಳೆಲ್ಲ ಕೊನೆಗೆ ಬರುತ್ತಿದ್ದುದು ಓಬಳಯ್ಯನ ಬಳಿಗೇ.

"ಆ ಹುಡುಗ ಊರು ಬಿಡಕೂಡದು" ಎಂದ ದೊರೆ.

"ನಮ್ಮ ಗರಡಿಗೆ ಸೇರಿಸಿಕೊಂಡರಾಯಿತು, ಮಹಾಸ್ವಾಮಿ."

"ಇದೇ ಊರಿನವನನ್ನೇ? ಬಂದ ಅತಿಥಿಗಳಿಗೆ ಏನೆಂದು ತೋರಿಸಲಿ? ಗರಡಿಗೆ ಸೇರಿಸುವಂತಿಲ್ಲ, ಊರು ಬಿಡಗೊಡುವಂತಿಲ್ಲ. ಅವನು ಹೋದರೆ ಅವನ ಗಂಟುಮೂಟೆ ಹೊತ್ತುಕೊಂಡು ನೀನೂ ಹೋಗು."

ಓಬಳಯ್ಯ ನೇರವಾಗಿ ಕುಂಬಾರಗೇರಿಗೆ ಹೋದ. ಕರಿಯಣ್ಣ ಕೇರಿಯ ಗರಡಿಯಲ್ಲಿ ಮಣ್ಣು ಹದಮಾಡುತ್ತಿದ್ದ.

"ಕಿರುಗೋಡಿಗೆ ಹೋಗುತ್ತೀಯಂತೆ?"

"ನಾಳೆ ಸಂಜೆಯೊಳಗೆ ಉತ್ತರ ಹೇಳಬೇಕು, ಓಬಳಯ್ಯನವರೇ. ಮನಸ್ಸಿಲ್ಲ. ನವಮಿ ದಿನ ಕೇರಿಯವರೆಲ್ಲ ಬಂದು ಕೂತಿರುತ್ತಾರೆ. ನಾನು ಗೆದ್ದರೆ ಅವರು ಸೋಲಬೇಕು. ಅವ್ವ ಯಾರಿಗೆ ಚಪ್ಪಾಳೆ ತಟ್ಟಬೇಕು ಹೇಳಿ. ಆದರೆ ಇಲ್ಲಿ ಕೂತು ಬರೀ ಮಣ್ಣು ಅಗೆಯುವುದಕ್ಕೆ ನಾನು ತಾಲೀಮು ಮಾಡಿದ್ದಲ್ಲ."

"ಹಾಗಾದರೆ ನಾಳೆ ಬೆಳಿಗ್ಗೆ ನನ್ನ ಜೊತೆ ದೋಣಿ ಹತ್ತು" ಎಂದ ಓಬಳಯ್ಯ. "ಅರಮನೆಯಲ್ಲಿ ನಿನ್ನನ್ನು ಏನಾದರೂ ಕೇಳಿದರೆ ನಿಜವನ್ನೇ ಹೇಳು. ಕೇಳದಿದ್ದರೆ ಸುಮ್ಮನಿರು."

ಮರುದಿನ ಬೆಳಿಗ್ಗೆ ಓಬಳಯ್ಯ ಏದುಸಿರು ಬಿಡುತ್ತಾ ಅರಮನೆಗೆ ಬಂದ.

"ಮಹಾಸ್ವಾಮಿ, ಹೊಳೆಯಾಚೆಯ ಮಂಟಪದಲ್ಲಿ ಒಬ್ಬ ಪೈಲ್ವಾನ ಕೂತಿದ್ದಾನೆ. ಕಿರುಗೋಡಿನವರು ಅವನಿಗೆ ವೀಳ್ಯ ಹಿಡಿದು ಕಾಯುತ್ತಿದ್ದಾರೆ."

"ಹೊಳೆಯಾಚೆಯೇ?" ದೊರೆ ಎದ್ದು ನಿಂತ. "ಮೊದಲು ಪಲ್ಲಕ್ಕಿ ಕಳಿಸಿ. ಆಮೇಲೆ ಮಾತು."

ಕರಿಯಣ್ಣ ಉಟ್ಟ ಬಟ್ಟೆಯಲ್ಲೇ ಪಲ್ಲಕ್ಕಿಯಲ್ಲಿ ಬಂದ. ಅರಮನೆಯ ಮುಂಬಾಗಿಲಲ್ಲಿ ನಗಾರಿ ಬಾರಿಸಿದರು. ಒಬ್ಬ ಆರತಿ ಎತ್ತಿದ, ಒಬ್ಬ ಬಾದಾಮಿ ಹಾಲು ತಂದ. ಗರಡಿಯ ಉಸ್ತಾದ ಸಿದ್ರಾಮಪ್ಪ ಬಂದು ಅವನ ತೋಳು ಅಮುಕಿ ನೋಡಿದ, ತೊಡೆ ತಟ್ಟಿ ನೋಡಿದ.

"ಆಹಾ. ಈ ಮೈಕಟ್ಟು ನಮ್ಮ ಕಡೆ ರಾಗಿಗೆ ಬರುವುದಲ್ಲ, ಮಹಾಸ್ವಾಮಿ. ಇದು ಗೋಧಿಯ ಗುಣ."

ಬೆಳಿಗ್ಗೆ ಎರಡು ರಾಗಿ ಮುದ್ದೆ ನುಂಗಿ ದೋಣಿ ಹತ್ತಿದ್ದ ಕರಿಯಣ್ಣ ಏನೂ ಹೇಳಲಿಲ್ಲ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಅಖಾಡಕ್ಕೆ ಇಳಿಸಿದರು. ಉತ್ತರದೇಶದ ಪೈಲ್ವಾನ ತೊಡೆ ತಟ್ಟಿ ಬಂದ, ನೋಡುವಷ್ಟರಲ್ಲಿ ಅಂಗಾತ ಬಿದ್ದಿದ್ದ. ಕರಾವಳಿಯವನು ಸ್ವಲ್ಪ ಹೊತ್ತು ತಡೆದ. ಮೂರನೆಯವನಿಗೆ ಅಷ್ಟರಲ್ಲಿ ಹೊಟ್ಟೆನೋವು ಬಂದಿತ್ತು.

ದೊರೆ ತನ್ನ ಕೈಯ ಬೆಳ್ಳಿ ಕಡಗ ತೆಗೆದು ಕರಿಯಣ್ಣನಿಗೆ ತೊಡಿಸಿದ. ತುಂಬಿದ ಸಭೆಯಲ್ಲಿ, "ಇಂದಿನಿಂದ ನೀನು ನಮ್ಮ ಗರಡಿಯವನು. ಇದಕ್ಕೆ ನನ್ನ ಮಾತೇ ಸಾಕ್ಷಿ" ಎಂದ. ಆಮೇಲೆ ನೆನಪಾಯಿತು. "ಅಂದಹಾಗೆ, ನಿನ್ನದು ಯಾವ ಊರಪ್ಪ?"

"ಕುಂಬಾರಗೇರಿ, ಬುದ್ಧಿ."

"ಕೇಳಿದ ಹಾಗಿದೆಯಲ್ಲ. ಯಾರ ಸೀಮೆಯಲ್ಲಿ ಬರುತ್ತದೆ?"

"ಅರಮನೆಯ ಹಿಂದುಗಡೆ ಬರುತ್ತದೆ, ಬುದ್ಧಿ. ನಿಮ್ಮ ಅಡುಗೆಮನೆ ಹೊಗೆ ನಮ್ಮ ಅಂಗಳಕ್ಕೇ ಬರುವುದು."

ಉಸ್ತಾದ ಮುಂದೆ ನುಗ್ಗಿದ. "ಸುಳ್ಳು, ಮಹಾಸ್ವಾಮಿ. ಇಂಥವನು ನಮ್ಮೂರಲ್ಲಿದ್ದರೆ ನನ್ನ ಕಣ್ಣಿಗೆ ಬೀಳದೆ ಇರುತ್ತಿದ್ದನೇ?"

"ನಿಮ್ಮ ಹತ್ತಿರ ಎಷ್ಟೋ ಸಲ ಬಂದಿದ್ದೆ, ಉಸ್ತಾದರೇ" ಎಂದ ಕರಿಯಣ್ಣ. "ಹಿತ್ತಲ ಬಾಗಿಲಲ್ಲಿ ಎಲೆಗೆ ಸುಣ್ಣ ಹಚ್ಚುತ್ತಾ ಯಾವ ಊರು ಅಂತ ಕೇಳುತ್ತಿದ್ದಿರಿ. ಇದೇ ಊರು ಅನ್ನುತ್ತಿದ್ದೆ. ನೀವು ತಲೆ ಎತ್ತುತ್ತಿರಲಿಲ್ಲ."

ಸಿದ್ರಾಮಪ್ಪ ಈಗಲೂ ತಲೆ ಎತ್ತಲಿಲ್ಲ.

ದೊರೆಯ ಮುಖ ಕೆಂಪಾಯಿತು. "ಓಬಳಯ್ಯ, ನನಗೇ ಸುಳ್ಳು ಹೇಳಿದೆಯಾ?"

"ಹೊಳೆಯಾಚೆ ಕೂತಿದ್ದಾನೆ ಅಂದೆ, ಮಹಾಸ್ವಾಮಿ. ಕೂತಿದ್ದ. ಬೆಳಿಗ್ಗೆ ನಾನೇ ಕೂರಿಸಿ ಬಂದಿದ್ದೆ. ಊರಿನವನನ್ನು ಗರಡಿಗೆ ಸೇರಿಸುವಂತಿಲ್ಲ ಎಂದು ತಮ್ಮ ಅಪ್ಪಣೆ ಇತ್ತಲ್ಲ. ಅದಕ್ಕೆ ಅರ್ಧ ದಿನದ ಮಟ್ಟಿಗೆ ಪರದೇಶದವನನ್ನಾಗಿ ಮಾಡಿದೆ. ಹೊಳೆ ದಾಟುವ ಮೊದಲೂ ಅವನ ತೊಡೆ ಇಷ್ಟೇ ದಪ್ಪ ಇತ್ತು."

ದೊರೆ ಕೊಟ್ಟ ಮಾತನ್ನು ಸಭೆಯೆಲ್ಲ ಕೇಳಿತ್ತು. ಮೂಲೆಯಲ್ಲಿ ಬೆನ್ನು ನೀವಿಕೊಳ್ಳುತ್ತಿದ್ದ ಉತ್ತರದೇಶದವನನ್ನು ನೋಡಿದ. ಮೆಲ್ಲಗೆ ನಗು ಶುರುವಾಯಿತು, ಆಮೇಲೆ ತಡೆಯಲಾಗಲಿಲ್ಲ.

"ಕಿರುಗೋಡಿನವರಿಗೆ ಹೇಳಿ ಕಳಿಸಿ" ಎಂದ ಕಣ್ಣೊರೆಸಿಕೊಳ್ಳುತ್ತಾ. "ಈ ಹುಡುಗನಿಗೆ ಬೇರೆ ಮನೆಯ ವೀಳ್ಯ ಸಂದಿದೆ. ಸಿದ್ರಾಮಪ್ಪ, ಇನ್ನು ಮುಂದೆ ಗರಡಿಗೆ ಬಂದವನ ಊರು ಕೇಳಬೇಡ, ಮೈ ನೋಡು. ಓಬಳಯ್ಯ, ನಿನಗೇನು ಬೇಕು ಕೇಳು."

ಓಬಳಯ್ಯ ಕೈಮುಗಿದ.

"ತಮ್ಮ ಆಸ್ಥಾನದಲ್ಲಿ ಇಷ್ಟು ವರ್ಷದಿಂದ ಇದ್ದೇನೆ, ಮಹಾಸ್ವಾಮಿ. ಹುಟ್ಟಿದ್ದೂ ಇದೇ ಊರಿನಲ್ಲಿ. ನನಗೂ ನಾಳೆ ಒಂದು ದಿನ ರಜೆ ಕೊಡಿ. ಹೊಳೆಯಾಚೆ ಕೂತು ಬರುತ್ತೇನೆ."