ತಿರುವಿ ತೊಟ್ಟ ಕೋಟು

ಶ್ರಾವಣ ಮುಗಿದ ಮರುದಿನ ಬೆಳಿಗ್ಗೆ ಮರುಳಯ್ಯ ಗುರುಗಳ ಮುಂದೆ ಬಂದು ಕುಳಿತ. ಅವನು ಪರದೇಶದ ಶಾಲೆಯೊಂದಕ್ಕೆ ಪಾಠ ಹೇಳಲು ಹೊರಟಿದ್ದ.

"ಬುದ್ಧೀ, ಅಲ್ಲಿಯ ಆಚಾರ ನನಗೆ ತಿಳಿಯದು. ಅಲ್ಲಿಯವರು ಮಾಡುವುದನ್ನು ನೋಡಿ ಹಾಗೆಯೇ ಮಾಡಿದರೆ ಸಾಕಲ್ಲವೇ?"

ಗುರುಗಳು ಕತೆ ಹೇಳಿದರು.

ಒಂದು ದೇಶದಲ್ಲಿ ರಾಣಿ ತೀರಿಕೊಂಡಳು. ನಾಡಿಗೆಲ್ಲ ನಲವತ್ತು ದಿನ ಶೋಕ ಎಂದು ಡಂಗುರ ಹೊಡೆಸಿದರು. ಶೋಕದ ದಿನಗಳಲ್ಲಿ ಬಟ್ಟೆಯನ್ನು ಒಳಗು ಹೊರಗಾಗುವಂತೆ ತಿರುವಿ ತೊಡುವುದು ಆ ದೇಶದ ಪದ್ಧತಿ. ಹೊಲಿಗೆ, ತೇಪೆ, ಜೋತುಬಿದ್ದ ದಾರ ಎಲ್ಲವೂ ಕಾಣಬೇಕು. ದುಃಖದಲ್ಲಿರುವವನಿಗೆ ಏನನ್ನೂ ಮುಚ್ಚಿಟ್ಟುಕೊಳ್ಳುವ ಗೊಡವೆ ಇರುವುದಿಲ್ಲ ಎಂದು ಹಿಂದಿನವರು ಹಾಗೆ ಮಾಡಿದ್ದರು.

ಅಲ್ಲಿಯ ಒಂದು ಶಾಲೆಯಲ್ಲಿ ಲೆಕ್ಕ ಕಲಿಸಲು ಪರದೇಶದ ಉಪಾಧ್ಯಾಯನೊಬ್ಬನಿದ್ದ. ಅವನಿಗೂ ಆಜ್ಞೆ ಬಂತು. ಪರದೇಶದ ಉಪಾಧ್ಯಾಯರು ಕೂಡ ತಾವು ತೊಡುವ ಬಟ್ಟೆಯನ್ನು ತಿರುವಿ ತೊಡತಕ್ಕದ್ದು. ತಪ್ಪಿದವರು ಅಂದೇ ಗಡಿ ದಾಟತಕ್ಕದ್ದು.

ಗಡಿ ದಾಟುವುದು ಅವನಿಗೆ ದೊಡ್ಡ ಮಾತಲ್ಲ. ಆದರೆ ಮಕ್ಕಳು ಭಿನ್ನರಾಶಿ ಕೂಡುವುದನ್ನು ಮಾತ್ರ ಕಲಿತಿದ್ದರು, ಕಳೆಯುವುದು ಇನ್ನೂ ಬಾಕಿಯಿತ್ತು. ಅವರನ್ನು ಅಲ್ಲಿಗೇ ಬಿಟ್ಟು ಹೋಗಲು ಅವನಿಗೆ ಮನಸ್ಸು ಬರಲಿಲ್ಲ.

ಅವನಿಗಿದ್ದದ್ದು ಒಂದೇ ಕೋಟು. ಹೊರಗೆ ಬೂದಿ ಬಣ್ಣ. ಒಳಗೆ, ಚಳಿ ತಡೆಯಲೆಂದು ಅವನ ಅಜ್ಜಿ ತನ್ನ ಮದುವೆಯ ಬಟ್ಟೆಯನ್ನೇ ಕತ್ತರಿಸಿ ಹೊಲಿದ ಪದರ. ಕೆಂಪು ರೇಷ್ಮೆ, ಅದರ ತುಂಬ ಹಳದಿ ಹುಂಜಗಳು. ತಿರುವಿದರೆ ಹಬ್ಬ, ತಿರುವದಿದ್ದರೆ ಗಡಿ.

ನೆರೆಮನೆಯ ಜವಳಿ ವ್ಯಾಪಾರಿ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ದಾರಿಯನ್ನೂ ಹೇಳಿದ. ಅವನ ಅಂಗಡಿಯಲ್ಲಿ ಶೋಕದ ಕೋಟು ಸಿದ್ಧವಾಗಿಯೇ ಸಿಗುತ್ತಿತ್ತು. ಹೊಲಿಗೆಯನ್ನು ಮೊದಲೇ ಹೊರಗಿಟ್ಟು ಹೊಲಿದದ್ದು. ಒಳಗೆಲ್ಲ ನಯ, ಮೈಗೆ ಚುಚ್ಚುವುದಿಲ್ಲ. ನಾಡಿನವರೆಲ್ಲ ಈಗ ತೊಡುವುದು ಅದನ್ನೇ, ಅಧಿಕಾರಿಗಳೂ ಅಷ್ಟೇ ಎಂದ. ಹಾಗಾದರೆ ಇದರಲ್ಲಿ ತಿರುವಿದ್ದು ಯಾವುದು ಎಂದು ಉಪಾಧ್ಯಾಯ ಕೇಳಿದ. ವ್ಯಾಪಾರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಹುಂಜ ಹೊತ್ತುಕೊಂಡು ಹೋದರೆ ಮೇಷ್ಟ್ರನ್ನು ಕೋಳಿ ಅಟ್ಟಿದ ಹಾಗೆ ಅಟ್ಟುತ್ತಾರೆ ಎಂದಷ್ಟೇ ಹೇಳಿದ.

ಉಪಾಧ್ಯಾಯ ಮನೆಗೆ ಬಂದು ಆಜ್ಞೆಯನ್ನು ಮೂರು ಸಲ ಓದಿದ. ತೊಡುವ ಬಟ್ಟೆಯನ್ನು ತಿರುವಬೇಕು ಎಂದಿತ್ತು. ಹೊಸದನ್ನು ಕೊಳ್ಳಬೇಕು ಎಂದಿರಲಿಲ್ಲ. ಮರುದಿನ ಬೆಳಿಗ್ಗೆ, ಯಾವುದಕ್ಕೂ ಇರಲೆಂದು ತನ್ನ ಗಂಟು ಕಟ್ಟಿಟ್ಟು, ಹುಂಜಗಳನ್ನು ಹೊರಗೆ ಮಾಡಿಕೊಂಡು ಶಾಲೆಗೆ ಹೊರಟ.

ಬೀದಿಯ ಜನ ನಿಂತು ನೋಡಿದರು. ಶಾಲೆಯಲ್ಲಿ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಒಬ್ಬಳು ಹುಂಜ ಎಣಿಸತೊಡಗಿದಳು. ಮಧ್ಯಾಹ್ನದೊಳಗೆ ಶಾಲೆಗಳ ಅಧಿಕಾರಿಯೇ ಬಂದ. ಅವನ ಮೈಮೇಲೆ ಅಂಗಡಿಯ ಶೋಕದ ಕೋಟು.

"ರಾಣಿ ಸತ್ತಿದ್ದಾಳೆ. ನೀವು ಮದುವೆಗೆ ಹೊರಟವರ ಹಾಗೆ ಬಂದಿದ್ದೀರಿ. ಏನು ಮೇಷ್ಟ್ರೇ ಇದು?"

"ನನ್ನ ಕೋಟಿನ ಒಳಗೆ ಇರುವುದು ಇದೇ ಸ್ವಾಮಿ. ತಮ್ಮದನ್ನು ತಿರುವಿದರೆ ಏನು ಕಾಣುತ್ತದೆ?"

ಅಧಿಕಾರಿ ಸಿಟ್ಟಿನಿಂದ ತನ್ನ ಕೋಟು ಬಿಚ್ಚಿ ತಿರುವಿದ. ಹೊಲಿಗೆಯೆಲ್ಲ ಒಳಗೆ ಹೋಯಿತು. ಕೈಯಲ್ಲಿ ಉಳಿದದ್ದು ಹೊಚ್ಚ ಹೊಸ ಕೋಟು, ಹಬ್ಬಕ್ಕೆ ತೊಡುವಂಥದ್ದು. ಅವನು ಅದನ್ನು ಮತ್ತೆ ತಿರುವಿದ, ಇನ್ನೊಮ್ಮೆ ತಿರುವಿದ. ಕೊನೆಗೆ ಅವನಿಗೇ ನಗು ಬಂತು. ಆಜ್ಞೆ ಪಾಲನೆಯಾಗಿದೆ ಎಂದು ಶಾಲೆಯ ಪುಸ್ತಕದಲ್ಲಿ ಬರೆದ. ಮನೆಯಲ್ಲಿ ತನ್ನದೊಂದು ಹಳೆಯ ಕೋಟಿದೆ, ಅದರ ಒಳಗೆ ಎಷ್ಟು ತೇಪೆಯಿದೆಯೋ ನೋಡಬೇಕು ಎಂದು ಹೇಳಿ, ಹೊಸದನ್ನು ತೋಳಿನ ಮೇಲೆ ಹಾಕಿಕೊಂಡು ಹೊರಟುಹೋದ. ಉಪಾಧ್ಯಾಯ ಭಿನ್ನರಾಶಿ ಕಳೆಯುವ ಪಾಠ ಶುರುಮಾಡಿದ.

ಮರುಳಯ್ಯ ನಕ್ಕ. "ಅಷ್ಟು ದೊಡ್ಡ ನಾಡಿನಲ್ಲಿ ಬಟ್ಟೆ ತಿರುವಿ ತೊಟ್ಟವರು ಎಷ್ಟು ಮಂದಿ, ಬುದ್ಧೀ?"

ಗುರುಗಳು ಹೇಳಿದರು: "ಅಂದು ಒಬ್ಬ. ಮರುದಿನ ಇಬ್ಬರು."